ಏಕಲವ್ಯನ ಹೆಬ್ಬೆರಳೂ ಹೆದೆಯ ಹಿಡಿತವೂ

ಏಕಲವ್ಯನ ಕಥೆಯನ್ನು ಕೇಳದ ವಿದ್ಯಾರ್ಥಿ ನಮ್ಮಲ್ಲಿ ಯಾರೂ ಇರಲಾರರು. ಬೇಡರ ಹುಡುಗನು ಮಣ್ಣಿನ ಗುರುಮೂರ್ತಿಯ ಮುಂದೆ ನಿಂತು ಬಿಲ್ವಿದ್ಯೆಯನ್ನು ಕಲಿತನು. ದ್ರೋಣಾಚಾರ್ಯರು ಬಂದು ಗುರುದಕ್ಷಿಣೆಯಾಗಿ ಅವನ ಬಲಗೈಯ ಹೆಬ್ಬೆರಳನ್ನು ಬೇಡಿದರು. ಅವನು ಮುಖವನ್ನು ಬಾಡಿಸದೆ ಕೊಯ್ದು ಕೊಟ್ಟನು. ಈ ಕಥೆಯನ್ನು ತರಗತಿಯಲ್ಲಿ ಹೇಳಿದಾಗಲೆಲ್ಲ ಹಿಂದಿನ ಬೆಂಚಿನಿಂದ ಒಂದು ಪ್ರಶ್ನೆ ಬರುವುದುಂಟು: “ಸಾರ್, ಬಾಣ ಬಿಡುವುದಕ್ಕೆ ಹೆಬ್ಬೆರಳು ಏತಕ್ಕೆ ಬೇಕು? ದೂರದರ್ಶನದಲ್ಲಿ ಎಲ್ಲರೂ ತೋರುಬೆರಳು, ನಡುಬೆರಳುಗಳಿಂದಲೇ ಎಳೆಯುತ್ತಾರಲ್ಲ?”

ಪ್ರಶ್ನೆ ಬಹಳ ಒಳ್ಳೆಯದು. ಹೆಬ್ಬೆರಳು ಬೇಡವೇ ಬೇಡವೆಂದಾದರೆ ದ್ರೋಣರು ಕೇಳಿದ್ದು ಅರ್ಥವಿಲ್ಲದ ಕ್ರೌರ್ಯವಾಗುತ್ತದೆ. ಹೆಬ್ಬೆರಳಿಲ್ಲದೆ ಬಾಣವನ್ನೇ ಬಿಡಲಾಗದೆಂದಾದರೆ ಏಕಲವ್ಯನ ವಿದ್ಯೆ ಅಂದಿಗೇ ಮುಗಿಯಿತೆಂದಾಗುತ್ತದೆ. ಇವೆರಡೂ ಸರಿಯಲ್ಲ. ಸರಿಯಾದುದು ಯಾವುದು ಎಂಬುದನ್ನು ತಿಳಿಯಬೇಕಾದರೆ ಬಿಲ್ಲಿನ ಹೆದೆಯನ್ನು ಹಿಡಿಯುವ ಬಗೆಗಳನ್ನು ಮೊದಲು ಅರಿಯಬೇಕು.

ಬಿಲ್ಲಿನ ಎರಡು ತುದಿಗಳಿಗೆ ಬಿಗಿದು ಕಟ್ಟಿದ ಹುರಿಯೇ ಹೆದೆ. ಸಂಸ್ಕೃತದಲ್ಲಿ ಅದನ್ನು ಜ್ಯಾ ಎಂದೂ ಗುಣ ಎಂದೂ ಮೌರ್ವಿ ಎಂದೂ ಕರೆಯುವರು. ಮೂರ್ವಾ ಎಂಬ ಗಿಡದ ನಾರಿನಿಂದ ಹೊಸೆದುದಾದ್ದರಿಂದ ಮೌರ್ವಿ ಎಂಬ ಹೆಸರು. ಚೆನ್ನೈಯಲ್ಲಿ ಬೆಳೆಯುತ್ತಿರುವ ನಿಮಗೆ ಇನ್ನೊಂದು ಸೊಗಸೂ ಕಾಣಬಹುದು. ನಮ್ಮ ಬಿಲ್ಲು ಇಲ್ಲಿಯ ವಿಲ್. ನಮ್ಮ ಅಂಬು ಇಲ್ಲಿಯೂ ಅಂಬೇ. ನಮ್ಮ ಹೆಬ್ಬೆರಳು ಇಲ್ಲಿಯ ಪೆರುವಿರಲ್. ಹೆದೆಯೊಂದು ಮಾತ್ರ ಇಲ್ಲಿ ನಾಣ್ ಆಗಿ ಬೇರೆಯಾಗಿದೆ. ಬಿಲ್ಲುವಿದ್ಯೆ ಈ ಎರಡು ಭಾಷೆಗಳೂ ಒಂದೇ ಮನೆಯಲ್ಲಿದ್ದ ಕಾಲದಿಂದ ಬಂದುದೆಂಬುದಕ್ಕೆ ಇದಕ್ಕಿಂತ ಸಾಕ್ಷ್ಯ ಬೇಕಿಲ್ಲ.

ಇನ್ನು ಹಿಡಿತದ ವಿಚಾರ. ನಿಮ್ಮಲ್ಲಿ ಅನೇಕರು ಮಾವಿನಕಾಯಿ ಕೆಡಹಲು ಕ್ಯಾಟರಬಿಲ್ಲನ್ನು ಹಿಡಿದವರೇ. ಅದರ ತೊಗಲಿನ ತುಂಡಿನಲ್ಲಿ ಕಲ್ಲಿಟ್ಟು ಹೇಗೆ ಹಿಡಿಯುತ್ತೀರಿ? ಹೆಬ್ಬೆರಳಿಗೂ ಮಡಿಸಿದ ತೋರುಬೆರಳಿಗೂ ನಡುವೆ ಚಿವುಟಿದಂತೆ. ಮನುಷ್ಯನಿಗೆ ಯಾರೂ ಕಲಿಸದೆ ಬರುವ ಹಿಡಿತ ಇದೇ. ಬಾಣದ ಹಿಂತುದಿಯನ್ನು ಹೀಗೆ ಚಿವುಟಿ ಎಳೆದರೆ ಹೆದೆಯೂ ಅದರೊಡನೆ ಬರುತ್ತದೆ. ಮಕ್ಕಳ ಆಟದ ಬಿಲ್ಲಿಗೆ ಇದು ಸಾಕು. ಬಿಲ್ಲು ಸ್ವಲ್ಪ ಬಿಗಿಯಾದರೆ ಬೆರಳುಗಳು ಜಾರಿ, ನಾವು ಬಿಡಬೇಕೆಂದ ಕ್ಷಣಕ್ಕಿಂತ ಮುಂಚೆಯೇ ಬಾಣ ಹೊರಟುಹೋಗುತ್ತದೆ. ಚಿವುಟುವ ಬಲ ಬೇರೆ, ಕೊಕ್ಕೆಯಂತೆ ತೊಡರುವ ಬಲ ಬೇರೆ. ನೀರು ತುಂಬಿದ ಕೊಡಪಾನದ ಹಿಡಿಗೆ ಬೆರಳನ್ನು ತೊಡರಿಸಿ ಎತ್ತಬಲ್ಲ ಹುಡುಗ, ಅದೇ ಕೊಡಪಾನದ ಕಂಠವನ್ನು ಎರಡು ಬೆರಳಿನಿಂದ ಚಿವುಟಿ ಎತ್ತಲಾರ.

ಆದುದರಿಂದ ಬಲವಾದ ಬಿಲ್ಲು ಹುಟ್ಟಿದ ಕಡೆಯಲ್ಲೆಲ್ಲ ಜನರು ಕೊಕ್ಕೆಯ ಹಿಡಿತವನ್ನು ಹುಡುಕಿದರು. ಹುಡುಕಿದವರಿಗೆ ಎರಡು ದಾರಿಗಳು ದೊರೆತವು.

ಒಂದು, ತೋರುಬೆರಳು, ನಡುಬೆರಳು, ಉಂಗುರಬೆರಳು ಈ ಮೂರನ್ನೂ ಹೆದೆಗೆ ತೊಡರಿಸುವುದು. ಬಾಣದ ಮೇಲೆ ಒಂದು ಬೆರಳು, ಕೆಳಗೆ ಎರಡು. ಹೆಬ್ಬೆರಳಿಗೆ ಇಲ್ಲಿ ಕೆಲಸವಿಲ್ಲ. ಯೂರೋಪಿನವರು ಹೆಚ್ಚಾಗಿ ಇದನ್ನೇ ಬಳಸಿದರು; ಮೆಡಿಟರೇನಿಯನ್ ಹಿಡಿತವೆಂದು ಇದರ ಹೆಸರು. ಇಂಗ್ಲೆಂಡಿನ ಮೇರಿ ರೋಸ್ ಎಂಬ ಯುದ್ಧದ ಹಡಗು ೧೫೪೫ರಲ್ಲಿ ಮುಳುಗಿತು. ೧೯೮೨ರಲ್ಲಿ ಅದನ್ನು ಸಮುದ್ರದ ತಳದಿಂದ ಮೇಲೆತ್ತಿದರು. ಅದರಲ್ಲಿ ದೊರೆತ ನೂರಕ್ಕೂ ಮಿಕ್ಕ ಬಿಲ್ಲುಗಳು ಒಬ್ಬ ಆಳಿನಷ್ಟು, ಸುಮಾರು ಆರು ಅಡಿ ಉದ್ದದವು. ಇಂತಹ ನೀಳವಾದ ಬಿಲ್ಲನ್ನು ಎಳೆದಾಗ ಹೆದೆಯು ಬೆರಳಿನ ಬಳಿ ಅಗಲವಾದ ಕೋನವನ್ನು ಮಾಡುತ್ತದೆ. ಮೂರು ಬೆರಳುಗಳಿಗೆ ಅಲ್ಲಿ ಬೇಕಾದಷ್ಟು ಎಡೆಯುಂಟು.

ಇನ್ನೊಂದು ದಾರಿ ಹೆಬ್ಬೆರಳಿನದು. ಹೆಬ್ಬೆರಳನ್ನು ಬಾಣದ ಕೆಳಗೆ ಹೆದೆಯ ಸುತ್ತ ಬಾಗಿಸಿ, ಅದರ ಉಗುರಿನ ಬಳಿ ತೋರುಬೆರಳನ್ನು ಅಗುಳಿಯಂತೆ ಒತ್ತಿ ಹಿಡಿಯುವುದು. ಮಂಗೋಲರು, ತುರ್ಕರು, ಪಾರಸಿಕರು, ಚೀಣರು ಈ ದಾರಿಯವರು. ಕುದುರೆಯ ಮೇಲೆ ಕುಳಿತು ಬಳಸಲು ಅವರ ಬಿಲ್ಲು ಗಿಡ್ಡವಾಗಿರಬೇಕಾಗಿತ್ತು. ಗಿಡ್ಡ ಬಿಲ್ಲನ್ನು ಪೂರ್ತಿ ಸೆಳೆದಾಗ ಹೆದೆ ಇಕ್ಕಟ್ಟಾದ ಮೂಲೆಯಾಗಿ ಮಡಿಯುತ್ತದೆ. ಅಲ್ಲಿ ಮೂರು ಬೆರಳಿಟ್ಟರೆ ಒಂದಕ್ಕೊಂದು ಅಮುಕಿ ನೋಯುತ್ತವೆ. ಹೆಬ್ಬೆರಳಾದರೋ ಒಂದೇ ಎಡೆಯಲ್ಲಿ ನಿಲ್ಲುತ್ತದೆ. ಆದರೆ ಭಾರವೆಲ್ಲ ಅದರೊಂದರ ಮೇಲೆಯೇ. ಒಂಬತ್ತು ಕಿಲೋಗ್ರಾಂ ಬಿಗಿಯ ಸಾಧಾರಣ ಬಿಲ್ಲನ್ನು ಮೂರು ಬೆರಳುಗಳು ಹಂಚಿಕೊಂಡರೆ ಸರಾಸರಿ ಒಂದೊಂದಕ್ಕೆ ಮೂರು ಕಿಲೋಗ್ರಾಂ. ಹೆಬ್ಬೆರಳಿಗಾದರೆ ಒಂಬತ್ತೂ ಅದರ ಪಾಲೇ. ಅದಕ್ಕಾಗಿ ಅವರು ಕೊಂಬು, ಮೂಳೆ, ದಂತ, ಹಸುರುಕಲ್ಲು ಮುಂತಾದವುಗಳಿಂದ ಉಂಗುರವನ್ನು ಮಾಡಿ ಹೆಬ್ಬೆರಳಿಗೆ ತೊಡುತ್ತಿದ್ದರು. ಮೊಗಲರ ಕಾಲದ ಚಿತ್ರಗಳಲ್ಲಿ ದೊರೆಗಳ ಹೆಬ್ಬೆರಳಿನಲ್ಲಿ ಕಾಣುವ ಉಂಗುರ ಬರಿಯ ಒಡವೆಯಲ್ಲ, ಬಿಲ್ಗಾರನ ಆಯುಧ.

ಇಲ್ಲಿ ಒಂದು ಮಾತನ್ನು ಕನ್ನಡದ ಮೇಷ್ಟರಾಗಿ ಹೇಳದೆ ಇರಲಾರೆ. ಪಾರಸಿಯಲ್ಲಿ ಶಸ್ತ್ ಎಂದರೆ ಹೆಬ್ಬೆರಳು, ಬಿಲ್ಗಾರನ ಹೆಬ್ಬೆರಳಿನ ಉಂಗುರವೂ ಹೌದು, ಗುರಿಯೂ ಹೌದು. ನಾವು ದಿನಕ್ಕೆ ಹತ್ತು ಸಲ ನಿಮಗೆ ಹೇಳುವ ‘ಶಿಸ್ತು’ ಎಂಬ ಪದ ಈ ಮನೆತನದ್ದೆಂದು ನಿಘಂಟುಕಾರರು ಹೇಳುವರು. ಸಾಲಿನಲ್ಲಿ ನಿಲ್ಲಿರೆಂದು ಗದರಿಸುವಾಗ ನಮಗೆ ಬಿಲ್ಲಿನ ನೆನಪು ಬಾರದಿರುವುದು ಬೇರೆ ಮಾತು.

ಈ ಎರಡು ಹಿಡಿತಗಳಿಗೆ ಮತ್ತೊಂದು ವ್ಯತ್ಯಾಸವುಂಟು. ಅದು ಸೂಕ್ಷ್ಮವಾದುದು, ಗಮನವಿಟ್ಟು ಓದಿರಿ. ಬಲಗೈಯಿಂದ ಸೆಳೆಯುವವನ ಮೂರು ಬೆರಳುಗಳ ತುದಿ ಎಡಕ್ಕೆ ನೋಡುತ್ತಿರುತ್ತವೆ. ಬೆರಳು ಸಡಿಲವಾದಾಗ ಹೆದೆಯು ತುದಿಗಳ ಮೇಲೆ ಉರುಳಿ ಸ್ವಲ್ಪ ಎಡಕ್ಕೆ ಸರಿದು ಮುಂದಕ್ಕೆ ಹೋಗುತ್ತದೆ. ಹೆಬ್ಬೆರಳಿನ ತುದಿಯಾದರೆ ಬಲಕ್ಕೆ ನೋಡುತ್ತದೆ. ಹೆದೆ ಬಲಕ್ಕೆ ಸರಿಯುತ್ತದೆ. ಆದುದರಿಂದಲೇ ಮೂರು ಬೆರಳಿನವನು ಬಾಣವನ್ನು ಬಿಲ್ಲಿನ ಎಡಪಕ್ಕದಲ್ಲಿಯೂ ಹೆಬ್ಬೆರಳಿನವನು ಬಲಪಕ್ಕದಲ್ಲಿಯೂ ಇಡುತ್ತಾನೆ. ಇದನ್ನು ಅದಲುಬದಲು ಮಾಡಿದರೆ ಬಾಣವು ಬಿಲ್ಲನ್ನು ಬಿಟ್ಟು ಹೊರಕ್ಕೆ ಸಿಡಿಯುತ್ತದೆ. ಹೊರಟ ಬಾಣವು ನೆಟ್ಟಗಿರದೆ ಮೀನಿನಂತೆ ಬಳುಕುತ್ತ ಬಿಲ್ಲನ್ನು ಬಳಸಿ ಹೋಗುತ್ತದೆಂಬುದನ್ನು ೧೯೩೦ರ ದಶಕದಲ್ಲಿ ಅತಿವೇಗದ ಚಲನಚಿತ್ರಗಳಲ್ಲಿ ಕಂಡರು.

ಬಲಪಕ್ಕದಲ್ಲಿ ಬಾಣವಿಡುವುದರಿಂದ ಒಂದು ದೊಡ್ಡ ಅನುಕೂಲ. ಬಲಗೈ ಬತ್ತಳಿಕೆಯಿಂದ ಬಾಣವನ್ನು ತಂದು ಬಿಲ್ಲಿನ ಅದೇ ಪಕ್ಕದಲ್ಲಿ ನೇರವಾಗಿ ಇಟ್ಟುಬಿಡಬಹುದು. ಬಿಲ್ಲನ್ನು ಬಳಸಿ ಆಚೆಗೆ ಹಾಯಿಸಬೇಕಾಗಿಲ್ಲ. ಸೆಳೆಯುವಾಗ ತೋರುಬೆರಳು ಬಾಣವನ್ನು ಬಿಲ್ಲಿಗೆ ಒತ್ತಿ ಹಿಡಿದಿರುವುದರಿಂದ ಓಡುವ ಕುದುರೆಯ ಮೇಲೂ ಅದು ಬೀಳುವುದಿಲ್ಲ. ಒಂದೇ ಬೆರಳಿನ ಕೊಕ್ಕೆಯನ್ನು ಬಿಡಿಸುವುದು ಮೂರು ಬೆರಳನ್ನು ಒಟ್ಟಿಗೆ ಬಿಡಿಸುವುದಕ್ಕಿಂತ ಬೇಗ. ಎಂದರೆ ಹೆಬ್ಬೆರಳಿನ ಹಿಡಿತದ ಮುಖ್ಯ ಗುಣ ವೇಗ. ಈ ಒಂದು ಮಾತನ್ನು ನೆನಪಿನಲ್ಲಿಡಿ.

ಲೋಕದ ಜನರ ಈ ಹಿಡಿತಗಳನ್ನೆಲ್ಲ ಮೊದಲು ಕ್ರಮವಾಗಿ ವಿಂಗಡಿಸಿ ಬರೆದವನು ಎಡ್ವರ್ಡ್ ಮೋರ್ಸ್ ಎಂಬ ಅಮೆರಿಕದ ಪ್ರಾಣಿಶಾಸ್ತ್ರಜ್ಞ. ಅವನು ಟೋಕಿಯೋದಲ್ಲಿ ಅಧ್ಯಾಪಕನಾಗಿದ್ದವನು. ಜಪಾನಿನ ಗೆಳೆಯನೊಬ್ಬನು ತನ್ನ ಜೊತೆ ಬಿಲ್ಲು ಹಿಡಿದಾಗ ತಾನು ಹಿಡಿಯುವಂತೆ ಹಿಡಿಯದಿರುವುದನ್ನು ಕಂಡು ಕುತೂಹಲಗೊಂಡನು. ಅಷ್ಟರಿಂದಲೇ ಹುಟ್ಟಿದ ಅವನ ಪ್ರಬಂಧ ೧೮೮೫ರಲ್ಲಿ ಪ್ರಕಟವಾಯಿತು.

ನಮ್ಮ ದೇಶದ ಶಾಸ್ತ್ರವು ಏನು ಹೇಳುತ್ತದೆ? ವಸಿಷ್ಠರ ಹೆಸರಿನಲ್ಲಿರುವ ಧನುರ್ವೇದ ಸಂಹಿತೆಯಲ್ಲಿ ಹೆದೆಯ ಹಿಡಿತಗಳು ಐದು ಎಂದಿದೆ. ತೋರುಬೆರಳನ್ನು ನೀಳವಾಗಿ ಚಾಚಿ ಹೆಬ್ಬೆರಳಿನ ಬುಡಕ್ಕೆ ಆನಿಸಿದರೆ ಅದು ಪತಾಕಾ, ಎಂದರೆ ಬಾವುಟ. ನಾಲಿಕವೆಂಬ ಬಾಣವನ್ನು ದೂರಕ್ಕೆ ಬಿಡಲು ಅದು ತಕ್ಕುದು. ತೋರುಬೆರಳು ನಡುಬೆರಳುಗಳ ನಡುವೆ ಹೆಬ್ಬೆರಳನ್ನು ಹೊಗಿಸಿದರೆ ವಜ್ರಮುಷ್ಟಿ. ದಪ್ಪವಾದ ಕಬ್ಬಿಣದ ನಾರಾಚಕ್ಕೆ ಅದು. ತೋರುಬೆರಳಿನ ತುದಿ ಹೆಬ್ಬೆರಳಿನ ನಡುಭಾಗದಲ್ಲಿ ನಿಂತರೆ ಸಿಂಹಕರ್ಣ. ಗಟ್ಟಿಯಾದ ಗುರಿಯನ್ನು ಭೇದಿಸಲು. ಹೆಬ್ಬೆರಳಿನ ಉಗುರಿನ ಬುಡದಲ್ಲಿ ನಿಂತರೆ ಮತ್ಸರೀ, ಚಿತ್ರವಾದ ಗುರಿಗೆ. ಹೆಬ್ಬೆರಳಿನ ತುದಿಗೆ ತೋರುಬೆರಳಿನ ತುದಿ ಸೇರಿದರೆ ಕಾಕತುಂಡೀ, ಕಾಗೆಯ ಕೊಕ್ಕು. ಅತಿ ಸೂಕ್ಷ್ಮವಾದ ಗುರಿಗೆ.

ಈ ಪಟ್ಟಿಯನ್ನು ಬಾಯಿಪಾಠ ಮಾಡಿ ಬಿಡಬೇಡಿರಿ. ಓದುತ್ತ ಓದುತ್ತ ನಿಮ್ಮ ಬಲಗೈಯಲ್ಲಿ ಒಂದೊಂದನ್ನೂ ಮಾಡಿ ನೋಡಿರಿ. ವಜ್ರಮುಷ್ಟಿಯಲ್ಲಿ ಕೈಗೆ ಎಷ್ಟು ಬಿಗಿ ಬರುತ್ತದೆ, ಕಾಕತುಂಡಿಯಲ್ಲಿ ಎಷ್ಟು ಹಗುರ ಎಂಬುದು ಒಡನೆಯೇ ತಿಳಿಯುತ್ತದೆ. ಬೆರಳಿನ ತುದಿ ಹೆಬ್ಬೆರಳಿನ ಬುಡದಿಂದ ತುದಿಯ ಕಡೆಗೆ ಸರಿದಂತೆಲ್ಲ ಹಿಡಿತದ ಬಲ ಕುಗ್ಗುತ್ತದೆ, ನಾಜೂಕು ಹೆಚ್ಚುತ್ತದೆ. ಕಾಗೆಯ ಕೊಕ್ಕಿನ ಹಿಡಿತದಿಂದ ಬಲವಾದ ಬಿಲ್ಲನ್ನು ಯಾರೂ ಪೂರ್ತಿ ಸೆಳೆದಿರಲಾರರೆಂದೇ ನನ್ನ ಎಣಿಕೆ. ಅದು ಮೆದುವಾದ ಬಿಲ್ಲಿನಿಂದ ಹತ್ತಿರದ ಸಣ್ಣ ಗುರಿಯನ್ನು ಹೊಡೆಯುವವನ ಹಿಡಿತವಾಗಿರಬೇಕು. ಶಾಸ್ತ್ರಕಾರನ ದೊಡ್ಡತನವಿರುವುದು ಒಂದನ್ನೇ ಶ್ರೇಷ್ಠವೆಂದು ಸಾರದೆ, ಬಾಣಕ್ಕೂ ಗುರಿಗೂ ತಕ್ಕಂತೆ ಆರಿಸಿಕೊಳ್ಳೆಂದು ಹೇಳಿರುವುದರಲ್ಲಿ.

ಮತ್ತೊಂದನ್ನು ಗಮನಿಸಿದಿರಾ? ಐದು ಹಿಡಿತಗಳಲ್ಲಿ ಹೆಬ್ಬೆರಳಿಲ್ಲದ್ದು ಒಂದೂ ಇಲ್ಲ.

ಈಗ ಏಕಲವ್ಯನ ಬಳಿಗೆ ಬರೋಣ. ವ್ಯಾಸಭಾರತದ ಆದಿಪರ್ವದಲ್ಲಿ ಪಾಂಡವರು ಬೆರಗಾದದ್ದು ಯಾವುದನ್ನು ಕಂಡು? ಅವನು ದೂರದ ಗುರಿಯನ್ನು ಹೊಡೆದದ್ದನ್ನಲ್ಲ. ಗಟ್ಟಿಯಾದುದನ್ನು ಸೀಳಿದ್ದನ್ನೂ ಅಲ್ಲ. ಬೊಗಳುತ್ತಿದ್ದ ನಾಯಿಯ ಬಾಯಿ ಮುಚ್ಚುವಷ್ಟರಲ್ಲಿ ಏಳು ಬಾಣಗಳನ್ನು ಒಟ್ಟಿಗೆ ಬಿಟ್ಟನೋ ಎಂಬಂತೆ ತುಂಬಿದ್ದನ್ನು ಕಂಡು. ಕವಿಯು ಅಲ್ಲಿ ಬಳಸಿರುವ ಪದ ‘ಲಾಘವ’, ಎಂದರೆ ಕೈಚಳಕ, ವೇಗ. ಹೆಬ್ಬೆರಳನ್ನು ಕೊಟ್ಟ ಮೇಲೆ ಏನಾಯಿತೆಂಬುದನ್ನೂ ಕವಿ ಮರೆಯದೆ ಹೇಳಿದ್ದಾನೆ. ಆ ಬಳಿಕ ಅವನು ಉಳಿದ ಬೆರಳುಗಳಿಂದ ಹೆದೆಯನ್ನು ಸೆಳೆದನು. ಆದರೆ ಮೊದಲಿನಷ್ಟು ಶೀಘ್ರನಾಗಲಿಲ್ಲ.

ಎಷ್ಟು ನಿಖರವಾದ ಮಾತು! ಗುರಿ ತಪ್ಪಿತೆಂದಿಲ್ಲ, ಬಲ ಕುಂದಿತೆಂದಿಲ್ಲ, ಬಿಲ್ಲು ಕೈಬಿಟ್ಟಿತೆಂದಿಲ್ಲ. ಹೋದದ್ದು ವೇಗವೊಂದೇ. ನಾಯಿಯ ಬಾಯಲ್ಲಿ ಯಾವ ಗುಣ ಕಂಡಿತ್ತೋ, ಅರ್ಜುನನು ಯಾವುದನ್ನು ಕಂಡು ಗುರುವಿನ ಬಳಿ ಹೋಗಿ ದೂರಿದ್ದನೋ, ದ್ರೋಣರ ದಕ್ಷಿಣೆ ಸರಿಯಾಗಿ ಅದನ್ನೇ ಕಿತ್ತುಕೊಂಡಿತು. ಬಿಲ್ಲು ಬಲ್ಲವನೇ ಕೇಳಬಲ್ಲ ದಕ್ಷಿಣೆ ಅದು. ಅದರ ಕ್ರೌರ್ಯ ಇದರಿಂದ ಕಡಿಮೆಯಾಗುವುದಿಲ್ಲ. ನನಗಂತೂ ಹೆಚ್ಚೆಂದೇ ತೋರುತ್ತದೆ, ಏಕೆಂದರೆ ಕೇಳಿದವರಿಗೆ ತಾವು ಕೇಳುತ್ತಿರುವುದರ ಬೆಲೆ ಚೆನ್ನಾಗಿ ಗೊತ್ತಿತ್ತು.

ಕಥೆ ಇಲ್ಲಿಗೇ ಮುಗಿಯಿತೆಂದು ನಾವು ಪುಸ್ತಕವನ್ನು ಮುಚ್ಚಿಬಿಡುತ್ತೇವೆ. ಆದರೆ ದ್ರೋಣಪರ್ವದಲ್ಲಿ ಶ್ರೀಕೃಷ್ಣನು ಅರ್ಜುನನಿಗೆ ಏಕಲವ್ಯನನ್ನು ನೆನಪಿಸುವ ಸಂದರ್ಭವೊಂದಿದೆ. ನಿನ್ನ ಹಿತಕ್ಕಾಗಿಯೇ ಅವನ ಹೆಬ್ಬೆರಳನ್ನು ನೆಪ ಹೂಡಿ ತೆಗೆಸಲಾಯಿತು. ಅಂಗುಲಿತ್ರಾಣವನ್ನು ಕಟ್ಟಿಕೊಂಡು ಒಬ್ಬನೇ ಕಾಡಿನಲ್ಲಿ ಬಾಣ ಬಿಡುತ್ತ ಅವನು ಇನ್ನೊಬ್ಬ ರಾಮನಂತೆ ಬೆಳಗಿದನು. ಹೆಬ್ಬೆರಳಿದ್ದಿದ್ದರೆ ದೇವದಾನವರಿಂದಲೂ ಅವನನ್ನು ಗೆಲ್ಲಲಾಗುತ್ತಿರಲಿಲ್ಲ ಎಂಬ ಅರ್ಥದ ಮಾತುಗಳು ಅಲ್ಲಿವೆ. ಅಂಗುಲಿತ್ರಾಣವೆಂದರೆ ಬೆರಳನ್ನು ಕಾಯುವ ಕಟ್ಟು. ಬೆರಳುಗಳಿಂದ ಹೆದೆ ಸೆಳೆಯುವವನಿಗೆ ಚರ್ಮ ಸುಲಿಯದಂತೆ ಅದು ಬೇಕೇ ಬೇಕು. ಹೆಬ್ಬೆರಳು ಹೋದವನು ಬೇರೊಂದು ಹಿಡಿತವನ್ನು ಆರಿಸಿಕೊಂಡನು, ಅದಕ್ಕೆ ಬೇಕಾದ ಉಪಕರಣವನ್ನು ಕಟ್ಟಿಕೊಂಡನು, ಅಭ್ಯಾಸವನ್ನು ಮುಂದುವರಿಸಿದನು. ಪಾಠಪುಸ್ತಕಗಳು ಬಿಟ್ಟುಬಿಡುವ ಈ ಭಾಗವನ್ನು ನೀವು ಬಿಡಬಾರದೆಂದೇ ಈ ಲೇಖನವನ್ನು ಬರೆದದ್ದು. ಮಧ್ಯಭಾರತದ ಭಿಲ್ಲ ಜನರಲ್ಲಿ ಇಂದಿಗೂ ಹೆಬ್ಬೆರಳನ್ನು ಮುಟ್ಟಿಸದೆ ಬಾಣ ಬಿಡುವವರಿದ್ದಾರೆ. ಏಕಲವ್ಯನ ಮೇಲಿನ ಗೌರವದಿಂದ ಹಾಗೆ ಮಾಡುತ್ತಾರೆಂದು ಹೇಳುವರು.

ಹೆದೆಯು ನೋಯಿಸುವುದು ಬೆರಳನ್ನು ಮಾತ್ರವೇ ಅಲ್ಲ. ಬಿಟ್ಟ ಹೆದೆ ಬಿಲ್ಲು ಹಿಡಿದ ಕೈಯ ಒಳಮೈಗೆ ಚಾವಟಿಯಂತೆ ಬಡಿಯುತ್ತದೆ. ವಿರಾಟನಗರಿಯಲ್ಲಿ ಬೃಹನ್ನಳೆಯಾಗಿ ವೇಷ ಮರೆಸಬೇಕಾದಾಗ ಅರ್ಜುನನಿಗೆ ಬಂದ ಕಷ್ಟ ಯಾವುದು ಬಲ್ಲಿರಾ? ತೋಳುಗಳಲ್ಲಿದ್ದ ಹೆದೆಯ ಗಾಯದ ಗುರುತುಗಳನ್ನು ಮುಚ್ಚುವುದು. ಅದಕ್ಕಾಗಿ ಅವನು ಬಳೆಗಳನ್ನು ತೊಟ್ಟನು. ಸಾಮಾನ್ಯ ಬಿಲ್ಗಾರನಿಗಾದರೆ ಒಂದೇ ತೋಳಿನಲ್ಲಿ ಗುರುತು. ಎರಡು ಕೈಗಳಿಂದಲೂ ಹೆದೆ ಸೆಳೆಯಬಲ್ಲ ಸವ್ಯಸಾಚಿಗೆ ಎರಡರಲ್ಲೂ. ಪಂಪನು ತನ್ನ ಕಾವ್ಯಕ್ಕೆ ಅವನನ್ನೇ ನಾಯಕನನ್ನಾಗಿ ಆರಿಸಿಕೊಂಡನೆಂಬುದನ್ನು ನೀವು ಬಲ್ಲಿರಿ.

ಇವೆಲ್ಲ ಕಾವ್ಯದ ಮಾತಾಯಿತು, ಕಣ್ಣಿಗೆ ಕಾಣುವುದೇನಾದರೂ ಉಂಟೇ ಎಂದರೆ, ದೂರ ಹೋಗಬೇಕಾಗಿಲ್ಲ. ನಮ್ಮೂರಿನಿಂದ ದಕ್ಷಿಣಕ್ಕೆ ಬಸ್ಸಿನಲ್ಲಿ ಎರಡು ಗಂಟೆಯೊಳಗೆ ಮುಟ್ಟಬಹುದಾದ ಮಾಮಲ್ಲಪುರದಲ್ಲಿ, ಏಳನೆಯ ಶತಮಾನದ ಪಲ್ಲವರ ಮಹಿಷಮರ್ದಿನೀ ಗುಹೆಯಲ್ಲಿ, ಸಿಂಹದ ಮೇಲೆ ಕುಳಿತ ದುರ್ಗೆಯು ಮಹಿಷನ ಮೇಲೆ ಬಿಲ್ಲು ಸೆಳೆದಿದ್ದಾಳೆ. ರಜೆಯಲ್ಲಿ ಊರಿಗೆ ಹೋಗುವವರು ಬೇಲೂರನ್ನು ಹೊಕ್ಕರೆ, ೧೧೧೭ರಲ್ಲಿ ವಿಷ್ಣುವರ್ಧನನು ಕಟ್ಟಿಸಿದ ದೇವಾಲಯದಲ್ಲಿ ಬಿಲ್ಲು ಹಿಡಿದ ಬೇಟೆಗಾರ್ತಿ ಮದನಿಕೆಯನ್ನು ಕಾಣುವಿರಿ. ಹಳ್ಳಿಗಳ ವೀರಗಲ್ಲುಗಳಲ್ಲಿಯೂ ಬಿಲ್ಗಾರರು ಬೇಕಾದಷ್ಟು. ಮುಂದೆ ಇವನ್ನು ನೋಡುವಾಗ ಮುಖದ ಚೆಲುವನ್ನು ಮಾತ್ರ ನೋಡಿ ಬರಬೇಡಿರಿ. ಬಾಣ ಬಿಲ್ಲಿನ ಯಾವ ಪಕ್ಕದಲ್ಲಿದೆ, ಹೆಬ್ಬೆರಳು ಎಲ್ಲಿದೆ, ಕೈ ಕಿವಿಯವರೆಗೆ ಬಂದಿದೆಯೇ ಎದೆಯಲ್ಲಿಯೇ ನಿಂತಿದೆಯೇ, ಇದನ್ನು ಗುರುತುಹಾಕಿಕೊಳ್ಳಿರಿ. ಶಿಲ್ಪಿಗಳೆಲ್ಲರೂ ಬಿಲ್ಗಾರರಲ್ಲವಾದ್ದರಿಂದ ಒಂದು ಶಿಲ್ಪವನ್ನು ನೋಡಿ ತೀರ್ಮಾನಕ್ಕೆ ಬರುವುದು ತರವಲ್ಲ. ಹತ್ತನ್ನು ನೋಡಿ ಹೋಲಿಸಬೇಕು.

ಇಂದಿನ ಸ್ಪರ್ಧೆಗಳ ಮಾತು ಸಂಕ್ಷೇಪವಾಗಿ. ೧೯೨೦ರ ಬಳಿಕ ಒಲಿಂಪಿಕ್ಸಿನಿಂದ ಮರೆಯಾಗಿದ್ದ ಬಿಲ್ವಿದ್ಯೆ ೧೯೭೨ರಲ್ಲಿ ಮ್ಯೂನಿಕ್ ನಗರದಲ್ಲಿ ಮರಳಿ ಬಂದಿತು. ಅಲ್ಲಿ ನೀವು ನೋಡುವುದು ಬಹುಮಟ್ಟಿಗೆ ಮೂರು ಬೆರಳಿನ ಹಿಡಿತವನ್ನೇ. ೨೦೨೪ರ ಪ್ಯಾರಿಸ್ ಪ್ಯಾರಾಲಿಂಪಿಕ್ಸಿನಲ್ಲಿ ರಾಕೇಶ್ ಕುಮಾರರೊಡನೆ ಕಂಚಿನ ಪದಕ ಪಡೆದ ಜಮ್ಮು ಪ್ರಾಂತದ ಶೀತಲ್ ದೇವಿಗೆ ಹುಟ್ಟಿನಿಂದಲೇ ತೋಳುಗಳಿಲ್ಲ. ಆಕೆ ಬಲಗಾಲಿನಿಂದ ಬಿಲ್ಲನ್ನು ಎತ್ತಿ ಹಿಡಿದು, ಭುಜಕ್ಕೆ ಕಟ್ಟಿದ ಸಾಧನದಿಂದ ಹೆದೆಯನ್ನು ಸೆಳೆದು, ದವಡೆಯ ಒತ್ತಡದಿಂದ ಬಾಣವನ್ನು ಬಿಡುತ್ತಾಳೆ. ಧನುರ್ವೇದದ ಐದು ಹಿಡಿತಗಳಲ್ಲಿಯೂ ಮೋರ್ಸನ ಪಟ್ಟಿಯಲ್ಲಿಯೂ ಇಲ್ಲದ ಹಿಡಿತವಿದು.

ನಿಮ್ಮಲ್ಲಿ ಯಾರಿಗಾದರೂ ಬಿಲ್ಲು ಹಿಡಿಯುವ ಅವಕಾಶ ದೊರೆತರೆ ಯಾವ ಹಿಡಿತವನ್ನು ಆರಿಸಬೇಕು? ಬಿಲ್ಲು ನಿಮ್ಮ ಎತ್ತರಕ್ಕೆ ಸಮೀಪವಾಗಿದ್ದರೆ ಮೂರು ಬೆರಳು. ಗಿಡ್ಡವಾಗಿ ಬಾಗುವ ಬಿಲ್ಲಾಗಿದ್ದು ಕಲಿಸುವವರಿದ್ದರೆ ಹೆಬ್ಬೆರಳು. ಬೆರಳಿನ ಮೊದಲ ಗಿಣ್ಣಿನ ಗೆರೆಯಲ್ಲಿ ಹೆದೆ ಕೂರಲಿ. ತೀರ ತುದಿಯಲ್ಲಿಟ್ಟರೆ ನೋವು, ತೀರ ಒಳಗಿಟ್ಟರೆ ಬಿಡುವಾಗ ತೊಡಕು. ಬಾಣವನ್ನು ಬೆರಳುಗಳ ನಡುವೆ ಅಮುಕಬೇಡಿರಿ. ಬೆರಳಿಗೆ ತೊಗಲಿನ ಕಟ್ಟು, ಬಿಲ್ಲು ಹಿಡಿದ ತೋಳಿಗೆ ತೊಗಲಿನ ಪಟ್ಟಿ ಇರಲೇಬೇಕು. ಬಾಣವಿಲ್ಲದೆ ಬರಿಯ ಹೆದೆಯನ್ನು ಸೆಳೆದು ಬಿಟ್ಟರೆ ಬಿಲ್ಲೇ ಮುರಿಯಬಹುದು. ಗುರಿಯ ಆಚೆ ಯಾರೂ ಇಲ್ಲವೆಂದು ಹಿರಿಯರು ಹೇಳುವವರೆಗೆ ಬಾಣವನ್ನು ಹೂಡಲೇಬಾರದು.

ಬಿಲ್ಲು ಇಲ್ಲದವರು ತರಗತಿಯಲ್ಲಿಯೇ ಒಂದು ಪರೀಕ್ಷೆಯನ್ನು ಮಾಡಬಹುದು. ಲಂಗದ ನೆರಿಗೆಗೆ ಹಾಕುವ ಎಲಾಸ್ಟಿಕ್ ದಾರವನ್ನು ಕಿಟಕಿಯ ಮೇಲಿನ ಅಡ್ಡಪಟ್ಟಿಯಿಂದ ಕೆಳಗಿನ ಅಡ್ಡಪಟ್ಟಿಗೆ ನೆಟ್ಟಗೆ ಕಟ್ಟಿ, ಅದಕ್ಕೆ ಸೀಮೆಸುಣ್ಣವನ್ನು ಚೆನ್ನಾಗಿ ತೀಡಿರಿ. ಮುಖವನ್ನು ದೂರವಿಟ್ಟು, ಮೊದಲು ಮೂರು ಬೆರಳಿನಿಂದ ಗೇಣುದ್ದ ಸೆಳೆದು ಬಿಡಿರಿ. ಕೈ ಒರೆಸಿಕೊಂಡು ಮತ್ತೆ ಸುಣ್ಣ ತೀಡಿ ಹೆಬ್ಬೆರಳಿನಿಂದ ಸೆಳೆದು ಬಿಡಿರಿ. ಹೆದೆಯು ಯಾವ ದಾರಿಯಲ್ಲಿ ಜಾರಿತೆಂಬುದು ಬೆರಳಿನ ಮೇಲೆ ಬಿಳಿಯ ಗೆರೆಯಾಗಿ ಉಳಿದಿರುತ್ತದೆ. ಎರಡು ಗೆರೆಗಳನ್ನೂ ಅಳತೆಗೋಲಿನಿಂದ ಅಳೆದು ಯಾವುದು ಗಿಡ್ಡ ಎಂಬುದನ್ನು ಪುಸ್ತಕದಲ್ಲಿ ಬರೆದುಕೊಳ್ಳಿರಿ.